ಯೆಜ್ಡಿ ಯಾಕೆ ತಡವರಿಸುತ್ತೆ? ಕಲ್ಪತರು ನಾಡಿನ ಒಂದು ಹಳೇ ಗಾಡಿಯ ಚರಿತ್ರೆ

1/8

ಮೊದಲ ಫೋಟೋ ನೋಡಿ. ಕೊಬ್ಬರಿ ಅಟ್ಟದ ಕೆಳಗೆ, ಮಟ್ಟೆ ರಾಶಿ ಪಕ್ಕದಲ್ಲಿ ಧೂಳು ಹೊದ್ದು ನಿಂತಿರೋದು ನಮ್ಮಪ್ಪನ ಯೆಜ್ಡಿ 250. 1976ರ ಗಾಡಿ. ಅಪ್ಪ ಇದನ್ನ ಕೊಬ್ಬರಿ ದುಡ್ಡಲ್ಲಿ ತಗೊಂಡಿದ್ದು, ಅದೂ ಸೆಕೆಂಡ್ ಹ್ಯಾಂಡ್. ಐದು ವರ್ಷ ನಿಂತೇ ಇತ್ತು.

ಈಗ ಓಡುತ್ತೆ. ಆದ್ರೆ ಓಡೋ ರೀತಿ ಕೇಳಿ. ಕಿಕ್ ಹೊಡೆದ್ರೆ ಎರಡನೇ ಸಲಕ್ಕೆ ಸ್ಟಾರ್ಟ್. ನಿಂತಲ್ಲಿ ಡುಗ್ ಡುಗ್ ಅಂತ ಚೆನ್ನಾಗೇ ಇರುತ್ತೆ. ಗೇರ್ ಹಾಕಿ ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಉಸಿರು ಕಟ್ಟಿದ ಹಾಗೆ ಒಂದು ಕ್ಷಣ ಸುಮ್ಮನಾಗುತ್ತೆ. ಆಮೇಲೆ ಮುಗ್ಗರಿಸಿಕೊಂಡು ಮುಂದೆ ಹೋಗುತ್ತೆ. ಬಸ್ಸು ಓವರ್‌ಟೇಕ್ ಮಾಡೋಕೆ ಹೊರಟಾಗ ಈ ಒಂದು ಕ್ಷಣ ಎಷ್ಟು ಉದ್ದ ಅನ್ನೋದು ಅನುಭವಿಸಿದವರಿಗೆ ಗೊತ್ತು.

ನಮ್ ಕಡೆ ಇದಕ್ಕೆ "ಎಳೀತಿಲ್ಲ" ಅಂತಾರೆ. ಪೇಟೆಯವರು "ಪಿಕಪ್ ಇಲ್ಲ" ಅಂತಾರೆ. "ಮಿಸ್ಸಿಂಗ್" ಅನ್ನೋದು ಬೇರೆ ರೋಗ, ಎರಡನ್ನೂ ಕಲಸಬೇಡಿ. ಮಿಸ್ಸಿಂಗಲ್ಲಿ ಬೆಂಕಿ ಬಿಟ್ಟು ಬಿಟ್ಟು ಹತ್ತುತ್ತೆ. ಇದರಲ್ಲಿ ಕೇಳಿದ ಹೊತ್ತಿಗೆ ಊಟ ಸಿಗಲ್ಲ.

ಅಣ್ಣ ಬೆಂಗಳೂರಲ್ಲಿ ಒಬ್ಬ ಗಿರಾಕಿ ಹುಡುಕಿದ್ದ. ಹೇಗಿದೆಯೋ ಹಾಗೇ ತಗೋತಾನಂತೆ. ಅಪ್ಪ ಒಪ್ಪಲಿಲ್ಲ. "ನಿಂತ ಗಾಡಿ ಮಾರಲ್ಲ. ಓಡೋ ಹಂಗೆ ಮಾಡಿಕೊಡಿ, ಆಮೇಲೆ ಮಾರೋ ಮಾತು" ಅಂದ್ರು. ಆ ಮಾತಿಗೆ ಕಟ್ಟುಬಿದ್ದು ಹೊರಟವಳು ನಾನು. ಈ ಸರಣಿ ಆ ಒಂದು ಕ್ಷಣದ ಹಿಂದೆ ಹೋದ ಕಥೆ. ಹೋಗ್ತಾ ಹೋಗ್ತಾ ಮೈಸೂರಿಗೂ ಹೋಗಬೇಕಾಯ್ತು, ಜೆಕ್ ದೇಶಕ್ಕೂ.

2/8

ಎರಡನೇ ಫೋಟೋದಲ್ಲಿರೋದು ಟ್ಯಾಂಕಿನ ಮೇಲಿನ ಬ್ಯಾಡ್ಜು. ಬಣ್ಣ ಹೋಗಿದೆ, ಅಕ್ಷರ ಉಳಿದಿದೆ.

ಫ್ರಾಂಟಿಶೆಕ್ ಯಾನೆಚೆಕ್ ಅಂತ ಒಬ್ಬ ಜೆಕ್ ಇಂಜಿನಿಯರು, ಬಂದೂಕು ಗಿಂದೂಕು ತಯಾರಿಸ್ತಿದ್ದವನು. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್‌ಸೈಕಲ್ ಡಿಸೈನ್ ಕೊಂಡುಕೊಂಡ. ಯಾನೆಚೆಕ್‌ನ "ಯಾ", ವಾಂಡರರ್‌ನ "ವಾ" ಸೇರಿ ಅವರ ಬಾಯಲ್ಲಿ "ಯಾವಾ". ಅದೇ ನಮ್ಮ ಬಾಯಲ್ಲಿ ಜಾವಾ.

1960ರಲ್ಲಿ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಕಾರ್ಖಾನೆ ಯಾದವಗಿರಿಯಲ್ಲಿ. ಉದ್ಘಾಟನೆ ಮಾಡಿದ್ದು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1961ರಿಂದ ಗಾಡಿ ಹೊರಬರೋಕೆ ಶುರು. 1973ರಿಂದ ಹೆಸರು ಯೆಜ್ಡಿ ಆಯ್ತು. ಇರಾನಿನ ಯಜ್ದ್ ಊರಿನ ನೆನಪಿಗೆ ಇಟ್ಟ ಹೆಸರು ಅಂತ ಹೇಳ್ತಾರೆ. ಹೆಸರು ಬದಲಾಯ್ತೇ ಹೊರತು ಇಂಜಿನ್ ಅದೇ: ಟೂ ಸ್ಟ್ರೋಕ್, ಒಂದೇ ಸಿಲಿಂಡರ್, ಅದಕ್ಕೆ ಎರಡು ಸೈಲೆನ್ಸರ್.

ಗಾಡಿ ನೋಡಿಲ್ಲದ ಮಕ್ಕಳಿಗೆ ಎರಡು ವಿಚಾರ ಹೇಳಿದ್ರೆ ನಗ್ತಾರೆ. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಎತ್ತಿ ಹಿಂದಕ್ಕೆ ತಿರುಗಿಸಿ ಕಿಕ್ ಹೊಡೀಬೇಕು, ಸ್ಟಾರ್ಟ್ ಆದಮೇಲೆ ಮುಂದಕ್ಕೆ ತಂದು ಅದರಲ್ಲೇ ಗೇರ್ ಹಾಕಬೇಕು. ಇನ್ನೊಂದು, ಹಳೇ ಮಾಡೆಲ್ಲುಗಳ ಕೀಲಿ. ಅದು ಕೀಲಿಯೇ ಅಲ್ಲ, ಮೊಳೆ. ಕಳೆದುಹೋದ್ರೆ ನಿಜವಾದ ಮೊಳೆ ಚುಚ್ಚಿದರೂ ನಡೀತಿತ್ತು. ಅಪ್ಪನ ಜೇಬಲ್ಲಿ ಯಾವಾಗಲೂ ಒಂದು ಮೊಳೆ ಇರ್ತಿತ್ತು, ಅಂಗಿ ಒಗೆಯುವಾಗ ಅಮ್ಮ ಬೈತಿದ್ರು.

3/8

ಈ ಗಾಡಿ ನಮ್ಮ ಸೀಮೆಗೆ ಯಾಕೆ ಒಗ್ಗಿತು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ಮೂರು ತಾಲ್ಲೂಕಿಗೂ ಒಂದೇ ಬದುಕು. ಕಾಯಿ ಕಿತ್ತು ಅಟ್ಟಕ್ಕೆ ತುಂಬಿ, ಒಳಗಿನ ನೀರು ಇಂಗಿ ಕೊಬ್ಬರಿ ಗುಂಡು ಚಿಪ್ಪಿಂದ ಬಿಟ್ಟುಕೊಳ್ಳೋವರೆಗೆ ಎಂಟು, ಹತ್ತು, ಕೆಲವೊಮ್ಮೆ ಹನ್ನೆರಡು ತಿಂಗಳು ಕಾಯೋದು. ಆಮೇಲೆ ಸುಲಿಸಿ, ಒಡೆಸಿ, ಉಂಡೆ ಕೊಬ್ಬರಿ ಚೀಲಕ್ಕೆ ತುಂಬಿ ತಿಪಟೂರು ಮಾರುಕಟ್ಟೆಗೆ. ಟೆಂಡರಿನ ದಿನ ರೇಟು ಎಷ್ಟಾಯ್ತು ಅಂತ ತಿಳ್ಕೊಂಡು ಬರೋಕೆ ಯಾರಾದ್ರೂ ಹೋಗಲೇಬೇಕಿತ್ತು. ಫೋನು ಎಲ್ಲಿತ್ತು ಆಗ?

ಆ ಕಾಲಕ್ಕೆ ಆಯ್ಕೆ ಮೂರೇ. ಮದ್ರಾಸಿನ ಬುಲೆಟ್ ದುಬಾರಿ, ಭಾರ. ರಾಜದೂತ್ ಹಾಲಿನವರ ಗಾಡಿ. ನಡುವೆ ನಮ್ಮ ಜಾವಾ, ಯೆಜ್ಡಿ. ಹಿಂದೆ ಚೀಲ ಕಟ್ಟಿದರೂ ಏರಿಯಲ್ಲಿ ಗೊಣಗದ ಗಾಡಿ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಬಿಚ್ಚಿದರೆ ಪಂಚೆ ಮೇಲೆ ಹರಡಿಕೊಳ್ಳುವಷ್ಟೇ ಸಾಮಾನು. ಊರಿಗೊಬ್ಬ ಮೆಕ್ಯಾನಿಕ್ ಹುಟ್ಟಿಕೊಂಡಿದ್ದು ಹಾಗೆ.

ಆಮೇಲೆ ಕಾಲ ತಿರುಗಿತು. 1980ರಲ್ಲಿ ಟಿವಿಎಸ್ 50 ಬಂತು, ಎಳನೀರು ಗೊನೆ ಅದರ ಪಾಲಾಯ್ತು. 1984ರಲ್ಲಿ ಇಂಡ್ ಸುಜುಕಿ, 1985ರಲ್ಲಿ ಹೀರೋ ಹೋಂಡಾ ಮತ್ತು ಆರ್‌ಎಕ್ಸ್ 100. ಒಂದು ಲೀಟರಿಗೆ ಎಷ್ಟು ಕೊಡುತ್ತೆ ಅನ್ನೋ ಪ್ರಶ್ನೆ ಮುಂದೆ ಯೆಜ್ಡಿ ಸೋತಿತು. 1991ರಲ್ಲಿ ಹೊಗೆಗೆ ಮಿತಿ ಬಂತು, 1996ರಲ್ಲಿ ಅದು ಬಿಗಿಯಾಯ್ತು. ಅದೇ 1996ರಲ್ಲಿ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಿಕೆ ನಿಂತಿತು.

ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ರಸ್ತೆಗೆ ಬಂದಿವೆ ನಿಜ. ಅವು ಫೋರ್ ಸ್ಟ್ರೋಕ್ ಗಾಡಿಗಳು. ಹೆಸರು ಒಂದೇ, ಉಸಿರು ಬೇರೆ.

4/8

ಫೋಟೋ: ಬಿಚ್ಚಿಟ್ಟ ಏರ್ ಫಿಲ್ಟರ್. ಒಳಗಿರೋದು ಇಲಿ ಗೂಡು. ತೆಂಗಿನ ನಾರಿನದೇ, ಎಷ್ಟು ಅಚ್ಚುಕಟ್ಟು ನೋಡಿ.

ಮೊದಲು ಪೇಟೆಯ ಒಂದು ಗ್ಯಾರೇಜಿಗೆ ಒಯ್ದೆ. ಹುಡುಗರು ಗೂಡು ತೆಗೆದ್ರು, ನಕ್ಕರು, ನಾನೂ ನಕ್ಕೆ, ರೋಗ ಸಿಕ್ಕಿತು ಅಂದುಕೊಂಡೆ. ಗಾಡಿ ಇನ್ನೂ ತಡವರಿಸ್ತಿತ್ತು. ಹೊಸ ಪ್ಲಗ್ ಹಾಕಿದ್ರು. ಕಾರ್ಬೇಟರ್ ತೊಳೆದ್ರು. ಆಮೇಲೆ ಬೇರೆ ಕಾರ್ಬೇಟರನ್ನೇ ಹಾಕೋಣ ಅಂದ್ರು, ಹಾಕಿದ್ರು. ಕಾಯಿಲ್ ಬದಲಾಯ್ತು. ಬಿಲ್ಲು ಬೆಳೀತು. ನಾಲ್ಕನೇ ಸಲ ಹೋದಾಗ, "ಮೇಡಂ, ಇದು ಈಗಿನ ಪೆಟ್ರೋಲಿನ ಪ್ರಾಬ್ಲಮ್ಮು, ಎಥನಾಲು, ಹಳೇ ಗಾಡಿ ಅಲ್ವಾ, ಹೀಗೇ" ಅಂತ ಕೈ ಚೆಲ್ಲಿದ್ರು. ಐಡ್ಲಿಂಗ್ ಸ್ಕ್ರೂ ತಿರುಗಿಸಿ ನಿಂತಲ್ಲಿ ಚೆನ್ನಾಗಿ ಕೇಳೋ ಹಾಗೆ ಮಾಡಿ ಕೊಟ್ಟರು. ಆ ಸ್ಕ್ರೂ ತಿರುಗಿಸಿದ್ದು ಒಂದು ಸುಳಿವನ್ನೇ ಮುಚ್ಚಿಹಾಕಿತ್ತು ಅಂತ ಆಮೇಲೆ ಗೊತ್ತಾಯ್ತು.

ಅವರನ್ನ ದೂರೋಕೆ ಈ ಮಾತಲ್ಲ. ಆ ಹುಡುಗರು ಹುಟ್ಟೋ ಮುಂಚೆಯೇ ಕಾರ್ಖಾನೆ ಮುಚ್ಚಿತ್ತು. ಈಗಿನ ಗಾಡಿಗಳಲ್ಲಿ ಯಾವ ಭಾಗ ಹೋಗಿದೆ ಅಂತ ಸೆನ್ಸರ್ರೇ ಹೇಳುತ್ತೆ, ಅದನ್ನ ಬದಲಾಯಿಸಿದರಾಯ್ತು. ನಮ್ಮ ಯೆಜ್ಡಿ ಏನೂ ಹೇಳಲ್ಲ. ಅದನ್ನ ಕೇಳಬೇಕು.

5/8

ಕೇಳೋಕೆ ಗೊತ್ತಿದ್ದವರು ಸಿಕ್ಕಿದ್ದು ಕೆ.ಬಿ. ಕ್ರಾಸಿನಲ್ಲಿ. ಕಿಬ್ಬನಹಳ್ಳಿ ಕ್ರಾಸ್ ಗೊತ್ತಲ್ಲ, ಬಿ.ಎಚ್. ರಸ್ತೆಯಿಂದ ಒಂದು ದಾರಿ ತುರುವೇಕೆರೆಗೆ, ಇನ್ನೊಂದು ಚಿ.ನಾ.ಹಳ್ಳಿಗೆ ಒಡೆಯೋ ಜಾಗ. ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಅಂಗಡಿ ಹೆಸರಿಗಷ್ಟೇ ತೆಗೆದಿರ್ತಾರೆ. ಹೆಸರು, ಫೋಟೋ ಹಾಕಬೇಡವ್ವ ಅಂದಿದ್ದಾರೆ, ಹಾಕಿಲ್ಲ.

ಸ್ಪ್ಯಾನರ್ ಮುಟ್ಟಲೇ ಇಲ್ಲ ಅವರು. ಬೀಡಿ ಹಚ್ಚಿ ಕೇಳಿದ್ರು. "ಎಷ್ಟ್ ವರ್ಷ ನಿಂತಿತ್ತವ್ವ? ಎಲ್ಲಿ ನಿಲ್ಲಿಸಿದ್ರಿ? ತಣ್ಣಗಿದ್ದಾಗ ಜಾಸ್ತಿನೋ, ಬಿಸಿ ಆದ್ಮೇಲೋ? ಲೈಟ್ ಹಾಕಿದ್ರೆ ಜಾಸ್ತಿ ಆಯ್ತದಾ? ನಿಮ್ಮಪ್ಪ ಆಯಿಲ್ ಎಷ್ಟ್ ಹಾಕ್ತಾರೆ?"

ಒಂದೊಂದು ಪ್ರಶ್ನೆಗೂ ಒಂದೊಂದು ಬಾಗಿಲು ಮುಚ್ಚುತ್ತೆ, ನೋಡಿ. ನಾಲ್ಕೈದು ಕಿಲೋಮೀಟರ್ ಓಡಿದ ಮೇಲಷ್ಟೇ ಸೊರಗಿದರೆ ಮೊದಲು ಟ್ಯಾಂಕಿನ ಮುಚ್ಚಳ ತೆಗೀರಿ. "ಸುಸ್ಸ್" ಅಂತ ಗಾಳಿ ಎಳೆದುಕೊಂಡ್ರೆ ಮುಚ್ಚಳದ ಸಣ್ಣ ತೂತು ಕಟ್ಟಿದೆ ಅಂತ ಅರ್ಥ. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯಲ್ಲ. ಖರ್ಚು ಒಂದು ಸೂಜಿ. ಬಿಸಿಯಾದ ಮೇಲೆ ಪಟ್ ಪಟ್ ಅಂದ್ರೆ ಕಂಡೆನ್ಸರ್ ಮೇಲೆ ಅನುಮಾನ. ಲೈಟ್ ಹಾಕಿದ ಕೂಡಲೇ ಹೆಚ್ಚಾದರೆ ಆರು ವೋಲ್ಟಿನ ಬ್ಯಾಟರಿ ಸೋತಿದೆ, ಕಿಡಿಗೆ ಕರೆಂಟು ಸಾಲ್ತಿಲ್ಲ. ಜೋರಾಗಿ ಹೋಗುವಾಗ ಮಾತ್ರ ಉಸಿರು ಕಟ್ಟಿದರೆ ಸೈಲೆನ್ಸರಲ್ಲಿ ಕಾರ್ಬನ್ ತುಂಬಿದೆ. ತೋಟದಲ್ಲಿ ಬರೀ ಫಸ್ಟು, ಸೆಕೆಂಡಲ್ಲಿ ಓಡಿದ ಗಾಡಿಗಳಿಗೆ ಇದು ಬರೋದೇ.

ನಮ್ಮದು ಇದ್ಯಾವುದೂ ಅಲ್ಲ. ಪಾಯಿಂಟ್ ಸಂದು ಅಳೆದ್ರು, 0.4 ಮಿಲಿಮೀಟರು, ಸರಿಯಿದೆ. ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದ್ರು. ಪಿಂಗಾಣಿ ಬೆಳ್ಳಗೆ, ತೊಳೆದಿಟ್ಟ ಹಾಗಿತ್ತು.

"ಹಸಿದೈತೆ" ಅಂದ್ರು.

ಮತ್ತೆ ಸ್ಟಾರ್ಟ್ ಮಾಡಿಸಿ, ಕಾರ್ಬೇಟರ್ ಬಾಯಿಗೆ ಅಂಗೈ ಅರ್ಧ ಅಡ್ಡ ಹಿಡಿದು ಆಕ್ಸಿಲರೇಟರ್ ಕೊಡು ಅಂದ್ರು. ಕೊಟ್ಟೆ. ತಡವರಿಸಲೇ ಇಲ್ಲ! ಗಾಳಿ ಕಮ್ಮಿಯಾದಾಗ ಸರಿಯಾಯ್ತು ಅಂದ್ರೆ ಪೆಟ್ರೋಲಿಗಿಂತ ಗಾಳಿ ಜಾಸ್ತಿ ಹೋಗ್ತಿದೆ. ಆದರೆ ಎಲ್ಲಿಂದ?

6/8

ಇಲ್ಲಿ ಎಥನಾಲ್ ವಿಷಯ ಮುಗಿಸಿಬಿಡೋಣ. ಕಾಮೆಂಟಲ್ಲಿ ಎಲ್ಲರೂ ಅದನ್ನೇ ಕೇಳ್ತಿದ್ದೀರಿ.

ಶುದ್ಧ ಪೆಟ್ರೋಲ್ ಒಂದು ಪಾಲು ಸರಿಯಾಗಿ ಉರಿಯೋಕೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಥನಾಲಿಗೆ ಸುಮಾರು 9 ಸಾಕು. ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆಸಿದರೆ ಲೆಕ್ಕ ಹದಿಮೂರೂವರೆ ಆಸುಪಾಸಿಗೆ ಇಳಿಯುತ್ತೆ. ಹೊಸ ಗಾಡಿಯ ಕಂಪ್ಯೂಟರ್ ಇದನ್ನ ಅರಿತು ಸ್ವಲ್ಪ ಜಾಸ್ತಿ ಇಂಧನ ಕೊಡುತ್ತೆ. ನಮ್ಮ ಕಾರ್ಬೇಟರಿನ ಜೆಟ್ಟು ಹಿತ್ತಾಳೆ ತುಂಡಲ್ಲಿ ಕೊರೆದ ತೂತು. ಅದಕ್ಕೇನು ಗೊತ್ತು? ಹಳೇ ಅಳತೆಯಲ್ಲೇ ಬಿಡುತ್ತೆ. ಇಂಜಿನ್ನಿಗೆ ಅರೆಹೊಟ್ಟೆ.

2003ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ನೂರಕ್ಕೆ ಐದರ ಬೆರಕೆ ಶುರುವಾಯ್ತು. 2022ಕ್ಕೆ ಹತ್ತು ಮುಟ್ಟಿತು. ಇಪ್ಪತ್ತರ ಬೆರಕೆಗೆ ಚಾಲನೆ ಕೊಟ್ಟಿದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಲ್ಲೇ. ನಮ್ಮ ಗಾಡಿ ಅಟ್ಟದ ಕೆಳಗೆ ಮಲಗಿ ಏಳೋದರೊಳಗೆ ಲೋಕದ ಪೆಟ್ರೋಲೇ ಬದಲಾಗಿತ್ತು. ಎಥನಾಲ್ ನೀರನ್ನ ಎಳೆದುಕೊಳ್ಳುತ್ತೆ, ಹಳೇ ರಬ್ಬರನ್ನ ಸತಾಯಿಸುತ್ತೆ. ಹಾಗಾಗಿ ಗ್ಯಾರೇಜಿನ ಹುಡುಗರು ಹೇಳಿದ್ದು ಪೂರ್ತಿ ಸುಳ್ಳಲ್ಲ.

ಇನ್ನೊಂದು ವಿಚಾರ ಕೇಳಿ ಅಪ್ಪನಿಗೆ ಸಿಟ್ಟು ಬಂತು. ಲೀಟರಿಗೆ ಸುಮಾರು 40 ಎಂಎಲ್ ಆಯಿಲ್ ಹಾಕೋ ಕಡೆ ಅಪ್ಪ ಮೊದಲಿಂದಲೂ 60 ಹಾಕ್ತಿದ್ರು. "ಇಂಜಿನ್ ತಂಪಾಗಿರ್ಲಿ" ಅಂತ. ಅದಕ್ಕೊಂದು ಕಾರಣ ಇದೆ. ನಮ್ಮ ಚಿಕ್ಕಪ್ಪ ಒಮ್ಮೆ ಹಿಂದೆ ಚೀಲ ಕಟ್ಕೊಂಡು ತುರುವೇಕೆರೆ ರಸ್ತೆಯಲ್ಲಿ ಬರುವಾಗ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ಲಾಕ್ ಆಗಿ ಬಿದ್ದಿದ್ರು. ಎಡಗೈ ಮೊಳಕೈ ಇವತ್ತಿಗೂ ಪೂರ್ತಿ ಚಾಚಲ್ಲ. ಆ ಹೆದರಿಕೆಗೆ ಅಪ್ಪ ಒಂದು ಮುಚ್ಚಳ ಜಾಸ್ತಿ ಹಾಕ್ತಾ ಬಂದ್ರು.

ಆದರೆ ಜೆಟ್ಟಿನ ತೂತಲ್ಲಿ ಹೋಗೋದು ಒಟ್ಟು ಮಿಶ್ರಣ. ಅದರಲ್ಲಿ ಆಯಿಲ್ ಹೆಚ್ಚಾದಷ್ಟೂ ಪೆಟ್ರೋಲ್ ಕಮ್ಮಿ, ಮಂದವಾದಷ್ಟೂ ನಿಧಾನ. ಅಂದ್ರೆ ಹಸಿದ ಇಂಜಿನ್ನಿಗೆ ಇನ್ನೊಂದು ತುತ್ತು ಕಡಿಮೆ. ವ್ಯತ್ಯಾಸ ಸಣ್ಣದೇ, ಆದರೆ ಎಥನಾಲ್ ತಳ್ಳೋ ಕಡೆಗೇ ಇದೂ ತಳ್ಳುತ್ತೆ. ನಲವತ್ತು ವರ್ಷದ ಎಚ್ಚರಿಕೆಯನ್ನ ತಪ್ಪು ಅಂತ ಯಾರಾದ್ರೂ ಹೇಳಿದ್ರೆ ಸಿಟ್ಟು ಬರದೆ ಇರುತ್ತಾ?

ಇವೆರಡೂ ಸೇರಿದರೂ ಲೆಕ್ಕ ಸರಿಹೋಗಲ್ಲ ಅಂದ್ರು ಮೇಸ್ತ್ರಿ. "ಇಷ್ಟೊಂದು ಹಸಿವು ಬರೀ ಪೆಟ್ರೋಲಿಂದ ಬರಲ್ಲ ಕಣವ್ವ. ಇನ್ನೆಲ್ಲೋ ಕಳ್ಳದಾರಿ ಐತೆ."

7/8

ಕಳ್ಳದಾರಿ ಎಲ್ಲಿರಬಹುದು ಅಂತ ತಿಳಿಯೋಕೆ ನೂರಮೂವತ್ತು ವರ್ಷ ಹಿಂದೆ ಹೋಗಬೇಕು.

ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ ಅನ್ನೋನು 1890ರ ಆಸುಪಾಸಿನಲ್ಲಿ ಒಂದು ಉಪಾಯ ಮಾಡಿದ. ಪಿಸ್ಟನ್ ಮೇಲೆ ಹೋಗುವಾಗ ಅದರ ಕೆಳಗಿನ ಪೆಟ್ಟಿಗೆಯಲ್ಲಿ ಜಾಗ ಹೆಚ್ಚಾಗುತ್ತಲ್ಲ, ಆಗ ಗಾಳಿ ಮತ್ತು ಇಂಧನ ಒಳಗೆ ಎಳೆದುಕೊಳ್ಳಲಿ. ಕೆಳಗೆ ಬರುವಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸಲಿ. ಬೇರೆ ಪಂಪೇ ಬೇಡ, ಕ್ರ್ಯಾಂಕ್ ಕೇಸೇ ಪಂಪು. ಟೂ ಸ್ಟ್ರೋಕ್ ಇಷ್ಟು ಸರಳ, ಇಷ್ಟು ಅಗ್ಗ ಆಗಿದ್ದು ಇದರಿಂದ. ಜಾವಾ, ರಾಜದೂತ್, ಟಿವಿಎಸ್ 50, ಎಲ್ಲವೂ ಇದೇ ವಂಶ.

ಆದರೆ ಪಂಪು ಅಂದಮೇಲೆ ಸೋರಬಾರದು. ಫೋರ್ ಸ್ಟ್ರೋಕಲ್ಲಿ ಕ್ರ್ಯಾಂಕಿನ ಆಯಿಲ್ ಸೀಲ್ ಹೋದರೆ ಹೊರಗೆ ಆಯಿಲ್ ಜಿನುಗುತ್ತೆ, ಅಷ್ಟೇ. ಟೂ ಸ್ಟ್ರೋಕಲ್ಲಿ ಗಾಳಿ ಒಳಗೆ ನುಗ್ಗುತ್ತೆ. ಆ ಗಾಳಿ ಕಾರ್ಬೇಟರ್ ಮೂಲಕ ಬಂದಿದ್ದಲ್ಲ, ಪೆಟ್ರೋಲ್ ತಂದಿರಲ್ಲ. ಎಡಗಡೆ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ದಟ್ಟ ಹೊಗೆ ಬಿಡುತ್ತೆ, ಹಾಗಾಗಿ ಕಣ್ಣಿಗೆ ಕಾಣುತ್ತೆ. ಬಲಗಡೆ, ಡೈನಮೋ ಇರೋ ಪಕ್ಕದ ಸೀಲ್ ಹೋದರೆ ಬರೀ ಒಣ ಗಾಳಿ. ಏನೂ ಕಾಣಲ್ಲ. ನಿಂತಲ್ಲಿ ಆರ್‌ಪಿಎಂ ಏರುತ್ತೆ, ಆಕ್ಸಿಲರೇಟರ್ ಬಿಟ್ಟರೂ ಬೇಗ ಇಳಿಯಲ್ಲ. ಗ್ಯಾರೇಜಿನವರು ಸ್ಕ್ರೂ ತಿರುಗಿಸಿ ಮುಚ್ಚಿದ್ದು ಈ ಸುಳಿವನ್ನೇ.

ಈಗ ಈ ಭಾಗದ ಫೋಟೋ, ಸರಣಿಯಲ್ಲೇ ನನಗೆ ಇಷ್ಟವಾದದ್ದು. ಮೇಸ್ತ್ರಿ ಒಂದು ಸತ್ತ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಆ ಕೊಳವೆಗೆ ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿದ್ದಾರೆ. ಎರಡೂ ಸೈಲೆನ್ಸರ್ ಬಿಚ್ಚಿ ಆ ತೂತುಗಳಿಗೆ, ಕಾರ್ಬೇಟರ್ ಜಾಗಕ್ಕೆ, ಟ್ರ್ಯಾಕ್ಟರ್ ಟ್ಯೂಬಿನ ತುಂಡು ಬಿಗಿದ್ರು. ಪಿಸ್ಟನ್ ಪೂರ್ತಿ ಕೆಳಗಿಳಿಸಿದ್ರು, ಆಗ ಮೇಲಿನ ಕೋಣೆಗೂ ಕೆಳಗಿನ ಪೆಟ್ಟಿಗೆಗೂ ದಾರಿ ತೆರೆದಿರುತ್ತೆ. ಡೈನಮೋ ಕಳಚಿದ್ರು. ಸೈಕಲ್ ಪಂಪಲ್ಲಿ ಮೆಲ್ಲಗೆ ಗಾಳಿ. "ಜೋರಾಗಿ ಒತ್ತಬ್ಯಾಡ, ಚೆನ್ನಾಗಿರೋ ಸೀಲೂ ಎದ್ದೋಯ್ತದೆ." ಆಮೇಲೆ ಬಟ್ಟೆ ಸೋಪಿನ ನೊರೆ, ಒಂದು ಹಳೇ ಶೇವಿಂಗ್ ಬ್ರಶ್ಶು. ಸಿಲಿಂಡರ್ ಬುಡಕ್ಕೆ ಹಚ್ಚಿದ್ರು, ಏನಿಲ್ಲ. ಕೇಸಿನ ಜೋಡಣೆಗೆ ಹಚ್ಚಿದ್ರು, ಏನಿಲ್ಲ. ಬಲಗಡೆ ಸೀಲಿಗೆ ಹಚ್ಚಿದ್ರು.

ಗುಳ್ಳೆ. ಒಂದರ ಹಿಂದೆ ಒಂದು, ಸಣ್ಣ ಮಕ್ಕಳು ಊದಿದ ಹಾಗೆ.

ಅಪ್ಪ ಬಗ್ಗಿ ನೋಡಿದ್ರು. ಏನೂ ಮಾತಾಡಲಿಲ್ಲ.

8/8

ಸೀಲ್ ಹೋಗಿದ್ದು ಓಡಿಸಿದ್ದರಿಂದಲ್ಲ, ನಿಲ್ಲಿಸಿದ್ದರಿಂದ. ಓಡೋ ಇಂಜಿನ್ನಿನ ಸೀಲಿಗೆ ಆಯಿಲ್ ಸವರುತ್ತಲೇ ಇರುತ್ತೆ. ಐದು ವರ್ಷ ಒಂದೇ ಕಡೆ ಒಣಗಿದ ರಬ್ಬರಿನ ತುಟಿ ಗಟ್ಟಿಯಾಗಿ ಸೀಳಿತ್ತು. ಅಟ್ಟದ ಕೆಳಗೆ ಬೆಚ್ಚಗೆ, ಒಣಗಾಗಿ, ಭದ್ರವಾಗಿ ಇಟ್ಟಿದ್ದೀವಿ ಅಂದುಕೊಂಡಿದ್ವಿ. ಕೊಬ್ಬರಿ ಒಣಗೋಕೆ ಬೇಕಾದ ಹದ ಅದು.

ಕಂಪನಿ ಪಾರ್ಟು ಬೇಕು ಅಂತ ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆಯೋಕೆ ತಯಾರಾಗಿದ್ದೆ. ಮೇಸ್ತ್ರಿ ಹಳೇ ಸೀಲಿನ ಒಳ ಅಳತೆ, ಹೊರ ಅಳತೆ, ದಪ್ಪ ಒಂದು ಬೀಡಿ ಕಟ್ಟಿನ ಕಾಗದದ ಮೇಲೆ ಬರೆದು ಕೊಟ್ಟರು. ತುಮಕೂರಿನ ಬೇರಿಂಗ್ ಅಂಗಡಿಯಲ್ಲಿ ಸಿಕ್ಕಿತು. ಪೆಟ್ರೋಲ್ ತಡೆಯೋ ರಬ್ಬರಿನದೇ ಕೇಳಿ ತಗೊಳ್ಳಿ, ಇದನ್ನ ಮರೀಬೇಡಿ. ಗ್ಯಾರೇಜಿನವರು ಹಾಕಿದ್ದ ಕಾರ್ಬೇಟರ್ ತೆಗೆದು ಅಪ್ಪನ ಹಳೇದನ್ನೇ ಮತ್ತೆ ಕೂರಿಸಿದ್ರು. ಅದರ ನೀಡ್ಲನ್ನ ಒಂದು ಮೆಟ್ಟಿಲು ಎತ್ತಿದ್ರು, ಈಗಿನ ಪೆಟ್ರೋಲಿಗೆ. ಆಯಿಲ್ 40 ಎಂಎಲ್. ಅದನ್ನ ಅಪ್ಪನ ಎದುರಿಗೇ ಅಳೆದ್ರು.

ನಿಮ್ಮ ಮನೇಲೂ ಇಂಥ ಗಾಡಿ ಇದ್ದರೆ ಒಂದು ಮಾತು. ಬರೀ ನೀಡ್ಲ್ ಎತ್ತಿ, ಚೋಕ್ ಎಳೆದು ತಡವರಿಕೆ ಹೋಯ್ತು ಅಂತ ಓಡಿಸಬೇಡಿ. ಗಾಳಿ ಸೋರಿಕೆ ಹಾಗೇ ಇರುತ್ತೆ, ಬಿಸಿಲಲ್ಲಿ ಭಾರ ಹೊತ್ತು ಏರಿ ಹತ್ತುವಾಗ ಪಿಸ್ಟನ್ ಹಿಡಿಯುತ್ತೆ. ನಮ್ಮ ಚಿಕ್ಕಪ್ಪ ಬಿದ್ದ ಗಾಡಿಯನ್ನ ಆಗ ಯಾರೂ ಹೀಗೆ ಪರೀಕ್ಷೆ ಮಾಡಲಿಲ್ಲ. ಆಯಿಲ್ ಕಮ್ಮಿಯಾಗಿತ್ತು ಅಂತ ಅಪ್ಪನೇ ತೀರ್ಮಾನ ಮಾಡಿದ್ರು, ತಾವೇ ಕಲಸಿದ ಆಯಿಲ್ ಅದು. ಸೀಲಿನ ಗುಳ್ಳೆ ನೋಡಿ ಬಂದ ರಾತ್ರಿ ಊಟದ ಹೊತ್ತಿಗೆ ಚಿಕ್ಕಪ್ಪನಿಗೆ ಫೋನ್ ಮಾಡಿದ್ರು. ಇಬ್ಬರೂ ಬಹಳ ಹೊತ್ತು ಮಾತಾಡಿದ್ರು, ಮೋಟ್ರು, ಕಾಯಿ ರೇಟು, ಮೊಮ್ಮಕ್ಕಳು. ಕೊನೆಗೆ, "ಅವತ್ತು ಆಯಿಲ್ ಅಲ್ದೆ ಇರಬೋದು ಕಣೋ" ಅಂದ್ರು ಅಪ್ಪ. ಆ ಕಡೆಯಿಂದ ಏನಂದ್ರೋ ನನಗೆ ಕೇಳಿಸಲಿಲ್ಲ.

ಭಾನುವಾರ ಅಪ್ಪ ಒಬ್ಬರೇ ಕೆ.ಬಿ. ಕ್ರಾಸಿನವರೆಗೆ ಹೋಗಿ ಬಂದ್ರು. ಆಕ್ಸಿಲರೇಟರ್ ತಿರುಗಿಸಿದ ಹೊತ್ತಿಗೇ ಎಳೀತಂತೆ. ವಾಪಸ್ ಬಂದವರೇ ಪ್ಲಗ್ ಬಿಚ್ಚಿ ನನ್ನ ಕೈಗೆ ಕೊಟ್ಟು, "ಫೋಟೋ ತೆಗಿ" ಅಂದ್ರು. ಕೊನೇ ಫೋಟೋ ಅದೇ. ಬೆಲ್ಲದ ಬಣ್ಣ.

ಬೆಂಗಳೂರಿನ ಗಿರಾಕಿ ಎರಡು ಸಲ ಫೋನ್ ಮಾಡಿದ್ದ. ಅಣ್ಣ ಅಪ್ಪನಿಗೆ ಇನ್ನೂ ಹೇಳಿಲ್ಲ. ಅಪ್ಪನೂ ಕೇಳಿಲ್ಲ.

ಐಡಿಯಲ್ ಜಾವಾದಲ್ಲಿ ಕೆಲಸ ಮಾಡಿದವರು, ಅವರ ಮಕ್ಕಳು ಯಾರಾದ್ರೂ ಇದನ್ನ ಓದ್ತಿದ್ದರೆ ಮೆಸೇಜ್ ಮಾಡಿ. ಆಗಿನ ಸರ್ವಿಸ್ ಪುಸ್ತಕ ಕನ್ನಡದಲ್ಲಿ ಬಂದಿತ್ತಾ ಅಂತ ಮೇಸ್ತ್ರಿ ಕೇಳ್ತಿದ್ದಾರೆ.

#ಯೆಜ್ಡಿ #ಜಾವಾ #ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ #ಕಲ್ಪತರುನಾಡು #ಹಳೇಗಾಡಿ